ಸ್ಕ್ಯಾನ್ ನಾರ್ಮಲ್, ಆದ್ರೂ ನೋವು: ಕಿಬ್ಬೊಟ್ಟೆ ನೋವಿನ ಇತಿಹಾಸ

ಭಾಗ 1/6
"ಕಿಬ್ಬೊಟ್ಟೆ ನೋಯ್ತದೆ ಕಣವ್ವ." ಕೊಳ್ಳೇಗಾಲದ ಮಗ್ಗದ ಮನೇಲಿ, ಹನೂರಿನ ರಾಗಿ ಹೊಲದಲ್ಲಿ, ಯಳಂದೂರಿನ ಭತ್ತದ ಗದ್ದೇಲಿ ಈ ಮಾತು ನೀವೂ ಕೇಳಿರ್ತೀರಿ. ಹೊಕ್ಕುಳಿನ ಕೆಳಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಇರೋ ನೋವಿಗೆ ಡಾಕ್ಟರುಗಳು ಕ್ರಾನಿಕ್ ಪೆಲ್ವಿಕ್ ಪೇನ್ ಅಂತಾರೆ. ಎಷ್ಟೋ ಸಲ ಸ್ಕ್ಯಾನಲ್ಲಿ ಏನೂ ಕಾಣಲ್ಲ. ಆಗ ಸಿಗೋ ಉತ್ತರ ಎರಡೇ: "ಏನಿಲ್ಲ, ಟೆನ್ಷನ್ ಮಾಡ್ಕೋಬೇಡಿ" ಇಲ್ಲಾ "ಗರ್ಭಕೋಶ ತೆಗೆಸಿಬಿಡಿ". ಎರಡೂ ಹಳೇ ಉತ್ತರಗಳೇ. ಎಲ್ಲಿಂದ ಬಂದ್ವು, ಮೂರನೇದು ಯಾವುದು? ಬನ್ನಿ ನೋಡೋಣ.

ಭಾಗ 2/6
ಹಿಸ್ಟೀರಿಯಾ ಅನ್ನೋ ಪದ ಗೊತ್ತಲ್ವಾ? ಅದು ಗ್ರೀಕ್ ಭಾಷೇಲಿ ಗರ್ಭಕೋಶ ಅನ್ನೋ ಪದದಿಂದ ಹುಟ್ಟಿದ್ದು. ಗರ್ಭಕೋಶ ಮೈಯೊಳಗೆ ಅಲೆದಾಡುತ್ತೆ, ಹೆಂಗಸರ ಕಾಯಿಲೆಗೆಲ್ಲ ಅದೇ ಕಾರಣ ಅಂತ ಪ್ರಾಚೀನ ಗ್ರೀಸಲ್ಲಿ ನಂಬಿದ್ರು. 1872ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಟಿ ಅನ್ನೋ ಸರ್ಜನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನೋವಿದೆ ಅಂದ ಹೆಂಗಸರ ಅಂಡಾಶಯಗಳನ್ನ, ಅವು ಆರೋಗ್ಯವಾಗಿದ್ರೂ, ತೆಗೆಯೋಕೆ ಶುರುಮಾಡಿದ. ಆ ಆಪರೇಷನ್ ಯುರೋಪಿಗೂ ಹರಡ್ತು. ನೋವಿಗೆ ಕಾರಣ ಕಾಣದಿದ್ರೆ ಅಂಗ ತೆಗಿ ಅನ್ನೋ ಯೋಚನೆಗೆ ಇಷ್ಟು ವಯಸ್ಸಾಗಿದೆ.

ಭಾಗ 3/6
ಮೂರನೇ ಉತ್ತರ ಸ್ನಾಯುಗಳಲ್ಲಿತ್ತು. ಸೊಂಟದ ಮೂಳೆಗಳ ತಳದಲ್ಲಿ ತೊಟ್ಟಿಲ ಥರ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಕರುಳು ಎಲ್ಲಾನೂ ಅವೇ ಹೊತ್ಕೊಂಡಿರ್ತವೆ. ಬೆನ್ನುಮೂಳೆಯ ತುದಿಯ ನೋವಿಗೆ ಈ ಸ್ನಾಯುಗಳ ಬಿಗಿತ ಕಾರಣ ಆಗಬಹುದು ಅಂತ 1937ರಲ್ಲಿ ಜಾರ್ಜ್ ಥೀಲೆ ಬರೆದ್ರು; ಮಸಾಜಿಂದ ಸಡಿಲಿಸಿ ಚಿಕಿತ್ಸೆ ಕೊಟ್ರು. 1948ರಲ್ಲಿ ಆರ್ನಾಲ್ಡ್ ಕೆಗೆಲ್, ದುರ್ಬಲ ಆಗಿರೋ ಸ್ನಾಯುಗಳನ್ನ ಬಲಪಡಿಸೋ ವ್ಯಾಯಾಮ ಹೇಳ್ಕೊಟ್ರು. ಇಲ್ಲಿ ಹುಷಾರು: ಸ್ನಾಯು ಮೊದಲೇ ಬಿಗಿಯಾಗಿದ್ರೆ, ರೀಲ್ಸ್ ನೋಡಿ ಕೆಗೆಲ್ ಮಾಡಿದ್ರೆ ನೋವು ಜಾಸ್ತಿ ಆಗಬಹುದು.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಇನ್ನೊಂದು ವಿಷಯ ಹೇಳಿದ್ರು: ನೋವಿನ ಸಂದೇಶ ಬೆನ್ನುಹುರಿಯಲ್ಲೇ ಹೆಚ್ಚೂ ಆಗಬಹುದು, ಕಮ್ಮಿಯೂ ಆಗಬಹುದು. ಅಂದ್ರೆ ಗಾಯ ಕಾಣದಿದ್ರೂ ನೋವು ನಿಜ.

ಭಾಗ 4/6
ಹುಡುಗ್ರೇ, ಸ್ಕ್ರೋಲ್ ಮಾಡ್ಬೇಡಿ! ಈ ನೋವು ಗಂಡಸರಿಗೂ ಬರುತ್ತೆ. ಎಷ್ಟೋ ವರ್ಷ ಪ್ರಾಸ್ಟೇಟ್ ಇನ್ಫೆಕ್ಷನ್ ಅಂತ ಆಂಟಿಬಯಾಟಿಕ್ ಕೊಡ್ತಿದ್ರು. 1995ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹೊಸ ವರ್ಗೀಕರಣ ಮಾಡಿ, ರೋಗಾಣುವೇ ಸಿಗದ ನೋವಿಗೆ ಬೇರೆ ಗುಂಪು ಮಾಡ್ತು. ಗರ್ಭಕೋಶವೇ ಇಲ್ಲದವರಿಗೂ ಇದೇ ಥರ ನೋವು ಬರುತ್ತೆ ಅಂದ್ರೆ, ಎಲ್ಲಾದಕ್ಕೂ ಗರ್ಭಕೋಶಾನೇ ಕಾರಣ ಹೇಗಾಗುತ್ತೆ? ಯೋಚ್ನೆ ಮಾಡಿ.

ಭಾಗ 5/6
ಈಗ ನಮ್ಮ ರಾಜ್ಯಕ್ಕೆ ಬರೋಣ. ಕಲಬುರಗಿಯಲ್ಲಿ ಬೆನ್ನುನೋವು, ಹೊಟ್ಟೆನೋವು, ಬಿಳಿ ಮುಟ್ಟು ಅಂತ ಹೋದ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶಗಳನ್ನೇ ತೆಗೆದುಹಾಕಿದ್ದು 2015ರಲ್ಲಿ ದೊಡ್ಡ ಸುದ್ದಿ ಆಯ್ತು. ಸರ್ಕಾರ ತನಿಖೆ ಮಾಡ್ತು. ಆದ್ರೂ 2017ರ ಫೆಬ್ರವರಿಯಲ್ಲಿ ಆ ಹೆಂಗಸರು ನ್ಯಾಯ ಕೇಳಿ ಬೀದಿಗಿಳೀಬೇಕಾಯ್ತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಇಂಥದ್ದೇ ಪ್ರಕರಣಗಳ ಬಗ್ಗೆ 2013ರಲ್ಲಿ ಹಾಕಿದ್ದ ಅರ್ಜಿಗೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ತು: ಅನಗತ್ಯ ಗರ್ಭಕೋಶ ಆಪರೇಷನ್ ತಡೆಯೋ ಕೇಂದ್ರದ ಮಾರ್ಗಸೂಚಿಯನ್ನ ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸ್ಕೋಬೇಕು.

ಬಿಕಾಂ ಓದೋ ನನಗೆ ಇದು ಲೆಕ್ಕದ ಪ್ರಶ್ನೆಯೂ ಹೌದು. ಆಪರೇಷನ್ನಿಗೆ ಪ್ಯಾಕೇಜ್ ಇದೆ, ಬಿಲ್ ಇದೆ, ವಿಮೆ ಇದೆ. ವಾರಕ್ಕೊಂದು ಸಲ ಫಿಸಿಯೋಥೆರಪಿಗೆ ಹೋಗೋ ಬಸ್ ಚಾರ್ಜು, ತಪ್ಪೋ ಕೂಲಿ ಇವನ್ನ ಯಾರು ಕೊಡ್ತಾರೆ? ನಮ್ಮ ದೊಡ್ಡಮ್ಮನಿಗೆ 36ರಲ್ಲೇ ಗರ್ಭಕೋಶ ತೆಗೆದ್ರು. ಸಾಲ ತೀರ್ತು, ನೋವು ತೀರ್ಲಿಲ್ಲ.

ಭಾಗ 6/6
ಹಾಗಾದ್ರೆ ಏನ್ ಮಾಡ್ಬೇಕು? ಶುರು ಮಾಡೋಕೆ ದೊಡ್ಡ ಆಸ್ಪತ್ರೆನೇ ಬೇಕು ಅಂತಿಲ್ಲ. ಯಳಂದೂರು ತಾಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನ ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟಿಗೆ ವಹಿಸಿದ್ದು ನಮ್ಮದೇ ಇತಿಹಾಸ; ಹಳ್ಳಿ ಹತ್ರನೇ ಒಳ್ಳೆ ಚಿಕಿತ್ಸೆ ಸಿಗಬೇಕು ಅನ್ನೋದೇ ಅದರ ಹಿಂದಿನ ಯೋಚನೆ.

✅ ನೋವು ಯಾವಾಗ ಬರುತ್ತೆ ಅಂತ ಬರೆದಿಡಿ: ಮುಟ್ಟಿನಲ್ಲಾ, ಮೂತ್ರ ಮಾಡುವಾಗ್ಲಾ, ತುಂಬ ಹೊತ್ತು ಕೂತಾಗ್ಲಾ?
✅ ಕಾರಣ ಒಂದೇ ಇರಲ್ಲ. ಎಂಡೋಮೆಟ್ರಿಯೋಸಿಸ್, ಕರುಳು, ಮೂತ್ರಕೋಶ, ಸ್ನಾಯು ಎಲ್ಲಾದ್ರ ಬಗ್ಗೆಯೂ ಕೇಳಿ.
✅ ಮಾತ್ರೆ, ಸ್ನಾಯು ಸಡಿಲಿಸೋ ಫಿಸಿಯೋಥೆರಪಿ, ಉಸಿರಾಟದ ಅಭ್ಯಾಸ, ಮಲಬದ್ಧತೆಗೆ ಚಿಕಿತ್ಸೆ, ಕೌನ್ಸೆಲಿಂಗ್: ಇವು ಸೇರಿದ್ರೆ ಎಷ್ಟೋ ಜನಕ್ಕೆ ನೋವು ಕಮ್ಮಿ ಆಗುತ್ತೆ. ವಾರಗಳು, ತಿಂಗಳುಗಳು ಹಿಡಿಯುತ್ತೆ.
✅ ಆಪರೇಷನ್ ಅಂದ್ರೆ "ಯಾಕೆ? ಬೇರೆ ದಾರಿ ಏನಿದೆ?" ಅಂತ ಕೇಳಿ. ಇನ್ನೊಬ್ಬ ಡಾಕ್ಟರ ಹತ್ರಾನೂ ತೋರಿಸಿ.
🚨 ಜ್ವರ, ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಗರ್ಭಿಣಿಯರಿಗೆ ನೋವು, ದಿಢೀರ್ ಜೋರು ನೋವು ಇದ್ರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಕ್ಯಾನ್ಸರಿನಂಥ ಕಾಯಿಲೆಗೆ ಆಪರೇಷನ್ ಜೀವ ಉಳಿಸುತ್ತೆ, ಅದನ್ನ ಬೇಡ ಅಂತ ನಾನು ಹೇಳ್ತಿಲ್ಲ.

ಸೇವ್ ಮಾಡ್ಕೊಳ್ಳಿ. ಫೋನ್ ಇಲ್ಲದ ಅಮ್ಮ, ಅತ್ತೆ, ಚಿಕ್ಕಮ್ಮನಿಗೆ ಇವತ್ತು ರಾತ್ರಿ ಓದಿ ಹೇಳಿ.

#ಕಿಬ್ಬೊಟ್ಟೆನೋವು #ಕೊಳ್ಳೇಗಾಲ #ಹನೂರು #ಯಳಂದೂರು #ಇತಿಹಾಸ