ಗೆದ್ದ ಮೇಲೆ ಪಕ್ಷ ಬದಲಿಸಿದರೆ ಏನಾಗುತ್ತದೆ? ಪಂಚಾಯತ್‌ನಿಂದ ವಿಧಾನಸಭೆವರೆಗೆ ಕಾನೂನು ಹೇಳುವುದಿಷ್ಟು

2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶ ತೀರ್ಮಾನವಾದದ್ದು ಬರೀ 89 ಮತಗಳಲ್ಲಿ. 2021ರಲ್ಲಿ ಅಂತರ 745. ವೋಟು ಹಾಕಲಿಕ್ಕೆಂದೇ ಗಲ್ಫ್‌ನಿಂದ ಟಿಕೆಟ್ ಮಾಡಿ ಬರುವವರು ಇರುವ ಪ್ರದೇಶವಿದು. ಇಷ್ಟು ಕಷ್ಟಪಟ್ಟು ಗೆಲ್ಲಿಸಿದ ಒಬ್ಬ ಶಾಸಕರೋ ವಾರ್ಡ್ ಮೆಂಬರೋ ಮರುದಿನ ಎದುರು ಪಕ್ಷದ ಶಾಲು ಹಾಕಿಕೊಂಡು ನಿಂತರೆ ಕಾನೂನು ಏನು ಮಾಡುತ್ತದೆ? ಉತ್ತರ ಗೆದ್ದವರು ಎಲ್ಲಿ ಕೂತಿದ್ದಾರೆ ಎಂಬುದರ ಮೇಲಿದೆ. ವಿಧಾನಸಭೆಗೆ ಒಂದು ನಿಯಮ, ಪಂಚಾಯತ್‌ಗೆ ಇನ್ನೊಂದು.

ವಿಧಾನಸಭೆ, ಲೋಕಸಭೆಗಳ ಕಾನೂನು ಹುಟ್ಟಿದ್ದರ ಹಿಂದೆ ಹರಿಯಾಣದ ಕಥೆಯೊಂದಿದೆ. 1967ರಲ್ಲಿ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು. ‘ಆಯಾ ರಾಮ್, ಗಯಾ ರಾಮ್’ ಎಂಬ ಗೇಲಿಮಾತು ಬಂದದ್ದು ಅಲ್ಲಿಂದ. ಆಮೇಲೂ 18 ವರ್ಷ ಇದಕ್ಕೆ ಕಡಿವಾಣ ಇರಲಿಲ್ಲ. 1985ರಲ್ಲಿ ರಾಜೀವ್ ಗಾಂಧಿ ಸರಕಾರ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಪರಿಚ್ಛೇದ ಸೇರಿಸಿತು. ಪಕ್ಷಾಂತರ ನಿಷೇಧ ಕಾಯ್ದೆ ಅಂತ ಎಲ್ಲರೂ ಕರೆಯುವುದು ಇದನ್ನೇ.

ಇದರ ಪ್ರಕಾರ ಶಾಸಕ ಅಥವಾ ಸಂಸದ ಎರಡು ಕಾರಣಕ್ಕೆ ಸ್ಥಾನ ಕಳೆದುಕೊಳ್ಳಬಹುದು. ಒಂದು, ಸ್ವ ಇಚ್ಛೆಯಿಂದ ಪಕ್ಷದ ಸದಸ್ಯತ್ವ ಬಿಡುವುದು. ಇನ್ನೊಂದು, ಪಕ್ಷ ಹೊರಡಿಸಿದ ವಿಪ್ ಮೀರಿ ಮತ ಹಾಕುವುದು ಅಥವಾ ಮತದಾನಕ್ಕೆ ಬಾರದೆ ಇರುವುದು. ವಿಪ್ ಮೀರಿದವರನ್ನು ಪಕ್ಷ 15 ದಿನದೊಳಗೆ ಕ್ಷಮಿಸಿದರೆ ಅನರ್ಹತೆ ಇಲ್ಲ. ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವ ಪಕ್ಷ ಸೇರಿದರೂ ಅನರ್ಹರು. ಹೊರಗಿಂದ ಬೆಂಬಲ ಕೊಡಬಹುದು, ಸೇರುವ ಹಾಗಿಲ್ಲ. ‘ನಾನು ರಾಜೀನಾಮೆ ಪತ್ರವನ್ನೇ ಕೊಟ್ಟಿಲ್ಲವಲ್ಲ, ಪಕ್ಷ ಬಿಟ್ಟೆ ಅಂತ ಹೇಗೆ ಹೇಳ್ತೀರಿ’ ಎಂಬ ವಾದವೂ ನಡೆಯುವುದಿಲ್ಲ. ಗೋವಾದ ರವಿ ನಾಯ್ಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ: ನಡವಳಿಕೆ ನೋಡಿಯೇ ಪಕ್ಷ ಬಿಟ್ಟಿದ್ದಾರೋ ಇಲ್ಲವೋ ಅಂತ ತೀರ್ಮಾನಿಸಬಹುದು.

ಇಷ್ಟು ಓದಿದರೆ ಕಾನೂನು ಗಟ್ಟಿಯಾಗಿಯೇ ಇದೆ ಅನಿಸುತ್ತದೆ. ತೂತು ಇರುವುದು ವಿಲೀನದ ಕಲಮಿನಲ್ಲಿ. ಒಂದು ಪಕ್ಷದ ಶಾಸಕರಲ್ಲಿ ಮೂರನೇ ಎರಡರಷ್ಟು ಮಂದಿ ಒಟ್ಟಿಗೆ ಇನ್ನೊಂದು ಪಕ್ಷದಲ್ಲಿ ವಿಲೀನಕ್ಕೆ ಒಪ್ಪಿದರೆ ಯಾರೂ ಅನರ್ಹರಾಗುವುದಿಲ್ಲ. ಮೊದಲು ಮೂರನೇ ಒಂದರಷ್ಟು ಮಂದಿ ಸಿಡಿದರೂ ರಕ್ಷಣೆ ಇತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆಯಿತು. ಪರಿಣಾಮ, ಚಿಲ್ಲರೆ ವ್ಯಾಪಾರ ನಿಂತಿತು, ಸಗಟು ವ್ಯಾಪಾರಕ್ಕೆ ಲೈಸನ್ಸ್ ಉಳಿಯಿತು.

ಸಗಟಿನವರು ಎಷ್ಟು ಕರಾರುವಾಕ್ಕಾಗಿ ಎಣಿಸುತ್ತಾರೆ ನೋಡಿ. ಗೋವಾದಲ್ಲಿ 2019ರ ಜುಲೈಯಲ್ಲಿ ಕಾಂಗ್ರೆಸ್‌ನ 15 ಶಾಸಕರಲ್ಲಿ ಬಿಜೆಪಿಗೆ ಹೋದವರು 10. ಸರಿಯಾಗಿ ಮೂರನೇ ಎರಡು. ಅದೇ ವರ್ಷ ಜೂನ್‌ನಲ್ಲಿ ತೆಲಂಗಾಣ. ಅಲ್ಲಿ ಕಾಂಗ್ರೆಸ್‌ಗೆ 19 ಶಾಸಕರಿದ್ದರು, ಅಂದ್ರೆ ವಿಲೀನಕ್ಕೆ 13 ಮಂದಿ ಬೇಕು. ಪಕ್ಷದ ರಾಜ್ಯಾಧ್ಯಕ್ಷ ಉತ್ತಮ್ ಕುಮಾರ್ ರೆಡ್ಡಿ ಲೋಕಸಭೆಗೆ ಗೆದ್ದು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ಲೆಕ್ಕ 18ಕ್ಕೆ ಇಳಿಯಿತು. ಈಗ 12 ಸಾಕು. ಬೆನ್ನಿಗೇ 12 ಮಂದಿ ಟಿಆರ್‌ಎಸ್ ಸೇರಿದರು.

ಗೋವಾದಲ್ಲಿ ಮತ್ತೆ ಹಾಗಾಗಬಾರದು ಅಂತ 2022ರ ಚುನಾವಣೆಗೆ ಮೊದಲು ಕಾಂಗ್ರೆಸ್ ತನ್ನ ಅಭ್ಯರ್ಥಿಗಳನ್ನು ಪಣಜಿಯ ಮಹಾಲಕ್ಷ್ಮಿ ದೇವಸ್ಥಾನಕ್ಕೆ, ಬಾಂಬೋಲಿಂನ ಶಿಲುಬೆಯ ಬಳಿಗೆ, ಬೇತಿಂನ ದರ್ಗಾಕ್ಕೆ ಕರೆದುಕೊಂಡು ಹೋಗಿ ಪಕ್ಷ ಬಿಡುವುದಿಲ್ಲ ಅಂತ ಪ್ರಮಾಣ ಮಾಡಿಸಿತು. ಗೆದ್ದವರು 11 ಮಂದಿ. ಸೆಪ್ಟೆಂಬರ್ 14ರಂದು ಅವರಲ್ಲಿ 8 ಮಂದಿ ಬಿಜೆಪಿ ಸೇರಿದರು. 11ರ ಮೂರನೇ ಎರಡು ಏಳೂಕಾಲು ಚಿಲ್ಲರೆ. ಹಾಗಾಗಿ 8 ಬೇಕು, 8 ಬಂತು. ಅವರಲ್ಲೊಬ್ಬರಾದ ಮಾಜಿ ಮುಖ್ಯಮಂತ್ರಿ ದಿಗಂಬರ ಕಾಮತ್ ಪ್ರಮಾಣದ ಬಗ್ಗೆ ಕೇಳಿದಾಗ, ದೇವರನ್ನು ಕೇಳಿಯೇ ಈ ತೀರ್ಮಾನ ತೆಗೆದುಕೊಂಡದ್ದು ಎಂಬರ್ಥದ ಉತ್ತರ ಕೊಟ್ಟರು. ಪಕ್ಷದ ಕೇಂದ್ರ ನಾಯಕತ್ವ ಒಪ್ಪದೆ ಶಾಸಕರು ಮಾತ್ರ ವಿಲೀನವಾದರೆ ಸಾಕೇ ಎಂಬ ಪ್ರಶ್ನೆ 2019ರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್‌ನ ಗೋವಾ ಪೀಠಕ್ಕೆ ಹೋಗಿತ್ತು. 2022ರ ಫೆಬ್ರವರಿಯಲ್ಲಿ ಬಂದ ತೀರ್ಪು ಹೋದವರ ಪರವಾಗಿತ್ತು.

ಮೂರನೇ ಎರಡು ಸಿಗದವರಿಗೆ ಕರ್ನಾಟಕ ಬೇರೆ ದಾರಿ ತೋರಿಸಿಕೊಟ್ಟಿದೆ. 2008ರಲ್ಲಿ 110 ಸ್ಥಾನ ಗೆದ್ದು ಬಹುಮತಕ್ಕೆ ಮೂರು ಕಡಿಮೆ ಬಿದ್ದ ಬಿಜೆಪಿ ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ, ಉಪಚುನಾವಣೆಯಲ್ಲಿ ತನ್ನ ಚಿಹ್ನೆಯಲ್ಲಿ ನಿಲ್ಲಿಸಿತು. ‘ಆಪರೇಷನ್ ಕಮಲ’ ಎಂಬ ಹೆಸರು ಬಂದದ್ದು ಆಗ. 2019ರಲ್ಲಿ ಅದೇ ಆಟ ದೊಡ್ಡದಾಗಿ ನಡೆಯಿತು. ಕಾಂಗ್ರೆಸ್ ಮತ್ತು ಜೆಡಿಎಸ್ ಶಾಸಕರು ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಕೊಟ್ಟರು, ಜುಲೈ 23ರಂದು ಕುಮಾರಸ್ವಾಮಿ ಸರಕಾರ 99-105ರಲ್ಲಿ ಬಿತ್ತು. ಸ್ಪೀಕರ್ ರಮೇಶ್ ಕುಮಾರ್ ಒಟ್ಟು 17 ಮಂದಿಯನ್ನು 2023ರ ತನಕ ಅನರ್ಹಗೊಳಿಸಿದರು. ಆದರೆ 224ರಿಂದ 17 ಕಳೆದರೆ ಉಳಿಯುವುದು 207, ಬಹುಮತಕ್ಕೆ 104 ಸಾಕು. ಬಿಜೆಪಿ ಬಳಿ 105 ಇತ್ತು. ಶಿಕ್ಷೆಯೇ ಹೊಸ ಸರಕಾರದ ದಾರಿ ಸುಗಮ ಮಾಡಿತು.

ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು, 2023ರ ತನಕ ಎಂಬ ಅವಧಿಯನ್ನು ಮಾತ್ರ ತೆಗೆದುಹಾಕಿತು. ಅನರ್ಹರು ಮತ್ತೆ ಸ್ಪರ್ಧಿಸಬಹುದು ಅಂತಾಯಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ, ಬಿಜೆಪಿಗೆ 12. ಗೆದ್ದು ಬಂದ ಅನರ್ಹರಲ್ಲಿ 10 ಮಂದಿ ಎರಡೇ ತಿಂಗಳಲ್ಲಿ ಮಂತ್ರಿಗಳು. ಅನರ್ಹರಾದವರು ಮತ್ತೆ ಗೆಲ್ಲುವವರೆಗೆ ಮಂತ್ರಿಯಾಗಬಾರದು ಎಂಬ ನಿಯಮ ನಿಜವಾಗಿ ತಟ್ಟಿದ್ದು ಎಚ್. ವಿಶ್ವನಾಥ್ ಅವರಿಗೆ. ಹುಣಸೂರಿನಲ್ಲಿ ಸೋತು ವಿಧಾನ ಪರಿಷತ್ತಿಗೆ ನಾಮಕರಣವಾದ ಅವರು, ನಾಮಕರಣ ಅಂದ್ರೆ ಗೆಲುವಲ್ಲ ಎಂಬ ಕಾರಣಕ್ಕೆ ಮಂತ್ರಿಯಾಗುವಂತಿಲ್ಲ ಎಂದು ಹೈಕೋರ್ಟ್ ಹೇಳಿತು. ಹಾಗೆಂದು ಮತ ಹಾಕಿ ಗೆಲ್ಲಿಸಿದ್ದೂ ಅದೇ ಜನರು ಎಂಬುದನ್ನು ಮರೆಯುವ ಹಾಗಿಲ್ಲ.

ಇನ್ನೊಂದು ತೊಡಕು ಸ್ಪೀಕರ್. ತೀರ್ಪು ಕೊಡಬೇಕಾದವರು ಅವರು. ಸಾಮಾನ್ಯವಾಗಿ ಅವರು ಆಡಳಿತ ಪಕ್ಷದಿಂದಲೇ ಬಂದವರು. 1992ರ ಕಿಹೋಟೊ ಹೊಲ್ಲೊಹಾನ್ ತೀರ್ಪಿನ ನಂತರ ಅವರ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದೇಶವೇ ಬರದಿದ್ದರೆ? ಕಾಯ್ದೆಯಲ್ಲಿ ಗಡುವು ಬರೆದಿಲ್ಲ. ಮಣಿಪುರದ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಮುಗಿಸಬೇಕು ಎಂದಿತು. ಆದರೂ ತೆಲಂಗಾಣದಲ್ಲಿ ಬಿಆರ್‌ಎಸ್ ಬಿಟ್ಟು ಕಾಂಗ್ರೆಸ್ ಕಡೆ ಹೋದ 10 ಶಾಸಕರ ವಿಷಯದಲ್ಲಿ 2025ರ ಜುಲೈಯಲ್ಲಿ ಅದೇ ಮಾತನ್ನು ಕೋರ್ಟ್ ಮತ್ತೆ ಹೇಳಬೇಕಾಯಿತು. ಬಿಜೆಪಿಗೆ ಹೋದರೆ ಖರೀದಿ, ಕಾಂಗ್ರೆಸ್‌ಗೆ ಬಂದರೆ ಮನಪರಿವರ್ತನೆ ಅನ್ನುವವರು ತೆಲಂಗಾಣದ ಎರಡೂ ಕಥೆಗಳನ್ನು ಒಟ್ಟಿಗೆ ಓದಬೇಕು.

ಈಗ ಪಂಚಾಯತ್. ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲಿ, ಗ್ರಾಮ ಪಂಚಾಯತ್ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದಿಲ್ಲ. ಹಾಗಾಗಿ ಅಲ್ಲಿನ ಮೆಂಬರ್ ಯಾವ ಕಡೆ ವಾಲಿದರೂ ಕಾಗದದಲ್ಲಿ ಅದು ಪಕ್ಷಾಂತರ ಅಲ್ಲ. ಈಚೆ ಮಂಜೇಶ್ವರ, ಕುಂಬಳೆಗಳಲ್ಲಿ ವಾರ್ಡ್ ಮಟ್ಟದಲ್ಲೇ ಏಣಿ, ಕೈ, ಕಮಲ, ಸುತ್ತಿಗೆ ಎಲ್ಲವೂ ಇವೆ. ಅದಕ್ಕೆಂದೇ ಕೇರಳದಲ್ಲಿ 1999ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಪಕ್ಷ ಬಿಟ್ಟವರು, ಅಧ್ಯಕ್ಷ-ಉಪಾಧ್ಯಕ್ಷರ ಚುನಾವಣೆಯಲ್ಲಿ ಅಥವಾ ಅವಿಶ್ವಾಸ ನಿರ್ಣಯದಲ್ಲಿ ವಿಪ್ ಮೀರಿದವರು ಅನರ್ಹರು. ಒಂದು ಮೈತ್ರಿಕೂಟದ ಬೆಂಬಲದಿಂದ ಗೆದ್ದ ಪಕ್ಷೇತರರು ಆ ಕೂಟವನ್ನು ಬಿಟ್ಟರೂ ಸ್ಥಾನ ಹೋಗುತ್ತದೆ. ಇಲ್ಲಿ ವಿಚಾರಣೆ ಮಾಡುವುದು ಯಾವ ಪಕ್ಷದ ಸ್ಪೀಕರೂ ಅಲ್ಲ, ರಾಜ್ಯ ಚುನಾವಣಾ ಆಯೋಗ. ಅನರ್ಹತೆ ಸಾಬೀತಾದರೆ ಆದೇಶದ ದಿನದಿಂದ ಆರು ವರ್ಷ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲುವಂತಿಲ್ಲ.

ಕರ್ನಾಟಕದ ಅನರ್ಹ ಶಾಸಕರು ಎರಡು ತಿಂಗಳಲ್ಲಿ ಮಂತ್ರಿಯಾದದ್ದನ್ನೂ ವಾರ್ಡ್ ಮೆಂಬರಿನ ಈ ಆರು ವರ್ಷವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಕ್ಕಡಿ ಎತ್ತ ವಾಲಿದೆ ಅಂತ ಯಾರಿಗೂ ಕಾಣುತ್ತದೆ.

ದೂರು ಕೊಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಯುವಕರಿಂದ ಆಗಾಗ ಬರುತ್ತದೆ. ಕೇರಳದ ಸ್ಥಳೀಯ ಸಂಸ್ಥೆಗಳ ವಿಷಯದಲ್ಲಿ ಅದು ಅದೇ ಸಂಸ್ಥೆಯ ಸದಸ್ಯರಿಗೆ ಮತ್ತು ಸಂಬಂಧಪಟ್ಟ ಪಕ್ಷ ಅಥವಾ ಮೈತ್ರಿಕೂಟಕ್ಕೆ ಇದೆ. ಶಾಸಕರ ವಿಷಯದಲ್ಲಿ ಬಾಗಿಲು ಸ್ವಲ್ಪ ಅಗಲ. ಒಡಿಶಾದ ಉತ್ಕಲ್ ಕೇಶರಿ ಪರಿಡಾ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ, ಶಾಸಕರೇ ಆಗಿರಬೇಕೆಂದಿಲ್ಲ, ಆಸಕ್ತಿಯುಳ್ಳ ಯಾವುದೇ ವ್ಯಕ್ತಿ ಪಕ್ಷಾಂತರದ ವಿಷಯವನ್ನು ಸ್ಪೀಕರ್ ಗಮನಕ್ಕೆ ತರಬಹುದು.