ಫಾಂಟಿನೊಳಗೆ ಸಿಕ್ಕಿಕೊಂಡ ಕನ್ನಡ

1990ರ ದಶಕದಿಂದ ಸುಮಾರು ಇಪ್ಪತ್ತು ವರ್ಷ ಕರ್ನಾಟಕದ ಕಚೇರಿ, ಮುದ್ರಣಾಲಯ, ಡಿಟಿಪಿ ಅಂಗಡಿಗಳಲ್ಲಿ ತಯಾರಾದ ಕನ್ನಡ ಕಡತಗಳಲ್ಲಿ ಬಹುಪಾಲಿನ ಒಳಗೆ ಕನ್ನಡ ಅಕ್ಷರವೇ ಇರಲಿಲ್ಲ. ಇದ್ದದ್ದು ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳ ಸಂಕೇತಗಳು. ಆ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಬರೆದಿಟ್ಟ ಫಾಂಟ್ ಜೊತೆಗಿದ್ದರೆ ತೆರೆಯ ಮೇಲೆ ಕನ್ನಡ ಮೂಡುತ್ತಿತ್ತು, ಇಲ್ಲದಿದ್ದರೆ ಅರ್ಥವಿಲ್ಲದ ಸಾಲುಗಳು. ತಂತ್ರಾಂಶಗಳು ಹಳೆಯ ಕಡತವಿಧಗಳನ್ನು ತೋರಿಸುವುದನ್ನು ನಿಲ್ಲಿಸುತ್ತ ಹೋಗುವುದು ಕಂಪ್ಯೂಟರ್ ಲೋಕದ ಮಾಮೂಲಿ ಸಂಗತಿ. ಇಂಗ್ಲಿಷ್ ಕಡತಕ್ಕೆ ಹಾಗಾದಾಗ ಅದರ ಅಂದ ಕೆಡುತ್ತದೆ, ಓದಿಗೆ ಧಕ್ಕೆಯಾಗುವುದಿಲ್ಲ. ಕನ್ನಡದಲ್ಲಿ ಹೋದದ್ದು ಓದೇ. ಯಾವ ನುಡಿಯ ಪಠ್ಯ ಅದರ ರೂಪದ ಮೇಲೆ ಹೀಗೆ ಪೂರ್ತಿಯಾಗಿ ನಿಂತಿತ್ತೋ, ಆ ನುಡಿಗೆ ತಂತ್ರಾಂಶದ ಪ್ರತಿಯೊಂದು ಹೊಸ ಆವೃತ್ತಿಯೂ ಒಂದು ಗಂಡಾಂತರವೇ ಆಗಿತ್ತು.

ಈ ಪದ್ಧತಿಯ ಬೇರು ಕಂಪ್ಯೂಟರಿಗಿಂತ ಹಳೆಯದು. ಕನ್ನಡದ ಸ್ವರ, ವ್ಯಂಜನ, ಗುಣಿತ, ಒತ್ತಕ್ಷರಗಳ ಜೋಡಣೆಗಳೆಲ್ಲ ಸೇರಿದರೆ ಸಾವಿರಾರು ರೂಪಗಳಾಗುತ್ತವೆ. ಅಚ್ಚುಮೊಳೆ ಜೋಡಿಸುವವರ ಪೆಟ್ಟಿಗೆಯಲ್ಲಿ ನೂರಾರು ಮನೆಗಳಿರುತ್ತಿದ್ದವು. ಬೆರಳಚ್ಚು ಯಂತ್ರದಲ್ಲಿ ಆ ಅನುಕೂಲವಿರಲಿಲ್ಲ. ಕೆ. ಅನಂತಸುಬ್ಬರಾವ್ ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದಾಗ ಅಕ್ಷರವನ್ನು ಒಡೆದು, ತಲೆಕಟ್ಟು, ಕೊಂಬು, ದೀರ್ಘ, ಒತ್ತುಗಳನ್ನು ಬಿಡಿಯಾಗಿ ಹೊಡೆಯುವ ದಾರಿಯೇ ಉಳಿದಿತ್ತು. ಕಾಗದದ ಮೇಲೆ ಮೂಡಿದ್ದನ್ನು ಕಣ್ಣು ಓದಿಕೊಳ್ಳುತ್ತಿತ್ತು, ಯಂತ್ರಕ್ಕೆ ಅದು ಯಾವ ಅಕ್ಷರವೆಂದು ತಿಳಿಯುವ ಅಗತ್ಯವಿರಲಿಲ್ಲ.

ಕಂಪ್ಯೂಟರಿಗೆ ಆ ಅಗತ್ಯವಿತ್ತು, ಮತ್ತು ಅದು ಆರಂಭದಲ್ಲೇ ಗೊತ್ತಿತ್ತು ಎಂಬುದು ಈ ಚರಿತ್ರೆಯ ವಿಚಿತ್ರ. ಐಐಟಿ ಕಾನ್ಪುರದಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿದ ಕೆಲಸದಿಂದ ಇಸ್ಕಿ ಎಂಬ ಸಂಕೇತ ಪದ್ಧತಿ ಹುಟ್ಟಿತು. 1991ರಲ್ಲಿ ಅದು ಭಾರತೀಯ ಮಾನಕ ಸಂಸ್ಥೆಯ ಐಎಸ್ 13194 ಆಯಿತು. ಇಸ್ಕಿಯಲ್ಲಿ ಉಳಿಸುವುದು ಉಚ್ಚಾರದ ಕ್ರಮವನ್ನು. ಆಕಾರ ಕಟ್ಟುವುದು ತೆರೆಯ ಅಥವಾ ಮುದ್ರಕದ ಹೊಣೆ. ಅದೇ ವರ್ಷ ಬಂದ ಯುನಿಕೋಡ್‌ನ ಮೊದಲ ಆವೃತ್ತಿ ಭಾರತೀಯ ಲಿಪಿಗಳ ಅಕ್ಷರಗಳನ್ನು ಜೋಡಿಸಿದ್ದೂ ಇಸ್ಕಿಯ 1988ರ ಕರಡನ್ನು ಆಧರಿಸಿ. ತತ್ತ್ವ ಸರಿಯಾಗಿತ್ತು. ಆದರೆ ಆಕಾರ ಕಟ್ಟಿಕೊಡುವ ಸಾಮರ್ಥ್ಯ ಅಂದಿನ ವಿಂಡೋಸ್‌ಗಾಗಲಿ ಪೇಜ್‌ಮೇಕರ್‌ಗಾಗಲಿ ಇರಲಿಲ್ಲ. ಪತ್ರಿಕೆಯ ಪುಟವನ್ನು ರಾತ್ರಿ ಹನ್ನೆರಡರೊಳಗೆ ಮುದ್ರಣಕ್ಕೆ ಕಳುಹಿಸಬೇಕಾದವರು ತತ್ತ್ವಕ್ಕಾಗಿ ಕಾಯಲಿಲ್ಲ.

ಅವರಿಗೆ ಬೇಕಾದದ್ದನ್ನು ಕೊಟ್ಟವರು ಹಲವರು. ಅಚ್ಚಿನ ಅಕ್ಷರಲೋಕದಲ್ಲಿ ಪಳಗಿದ್ದ ಕೆ. ಪಿ. ರಾವ್ ‘ಸೇಡಿಯಾಪು’ ತಂತ್ರಾಂಶವನ್ನೂ ಉಚ್ಚಾರ ಆಧಾರಿತ ಕೀಲಿಮಣೆಯನ್ನೂ ರೂಪಿಸಿದರು. ಆ ಕೀಲಿಮಣೆ ಮುಂದೆ ಸರ್ಕಾರದ ಮಾನಕಕ್ಕೆ ತಳಹದಿಯಾಯಿತು. ಶ್ರೀಲಿಪಿ, ಆಕೃತಿ, ಪ್ರಕಾಶಕ ಮುಂತಾದವು ಮಾರುಕಟ್ಟೆಗೆ ಬಂದವು, ಒಂದೊಂದರ ಸಂಕೇತವೂ ಬೇರೆಬೇರೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಉಚಿತವಾಗಿ ಸಿಕ್ಕಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯನ್ನು ಕರ್ನಾಟಕ ಸರ್ಕಾರ ತನ್ನದಾಗಿ ಒಪ್ಪಿಕೊಂಡು ಕಚೇರಿಗಳಿಗೆ ಹಂಚಿತು. ಅಲ್ಲಿಯವರೆಗೆ ಕಂಪನಿಗೊಂದರಂತೆ ಇದ್ದ ತುಣುಕು ಸಂಕೇತಗಳ ನಡುವೆ ಒಂದು ಸರ್ಕಾರಿ ಪಟ್ಟಿ ಬಂತು, ಬರಹದ ಫಾಂಟುಗಳೂ ಅದನ್ನೇ ಅನುಸರಿಸಿದವು. ಇದು ಸಣ್ಣ ಸಾಧನೆಯಲ್ಲ. ಒಂದು ತಾಲ್ಲೂಕು ಕಚೇರಿಯಲ್ಲಿ ಬೆರಳಚ್ಚಾದ ಕಡತ ಇನ್ನೊಂದರಲ್ಲಿ ತೆರೆದುಕೊಳ್ಳುವಂತಾದದ್ದು ಆಮೇಲೆಯೇ. ಆದರೆ ಮಾನಕವಾದದ್ದು ಕನ್ನಡ ಪಠ್ಯವಲ್ಲ, ಕನ್ನಡದ ಆಕಾರದ ತುಣುಕುಗಳು.

ತುಣುಕುಗಳ ಲೆಕ್ಕ ಹೇಗೆ ನಡೆಯುತ್ತಿತ್ತೆಂಬುದಕ್ಕೆ ‘ಕನ್ನಡ’ ಎಂಬ ಪದವೇ ಸಾಕು. ನುಡಿಯ ಫಾಂಟ್ ತೆಗೆದುಹಾಕಿ ನೋಡಿದರೆ ಅಲ್ಲಿ ಕಾಣುವುದು ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟು ಇರುವ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಓರೆಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಓರೆಗೀಟಿನ ಎ. ಪಿ ಎಂದರೆ ತಲೆಕಟ್ಟಿಲ್ಲದ ಕ, ಓರೆಗೀಟಿನ ಎ ಎಂದರೆ ತಲೆಕಟ್ಟು, ಪೌಂಡ್ ಎಂದರೆ ನ, ಜೋಡಿ ಎಸ್ ಎಂದರೆ ನ ಒತ್ತು, ಕ್ಯೂ ಎಂದರೆ ಡ. ಒಟ್ಟು ಏಳು ಸಂಕೇತ. ಯುನಿಕೋಡ್‌ನಲ್ಲಿ ಅದೇ ಪದಕ್ಕೆ ಐದು: ಕ, ನ, ವಿರಾಮ, ನ, ಡ.

ಇನ್ನೂ ಸೂಕ್ಷ್ಮವಾದ ಜಾಗಗಳಿವೆ. ನುಡಿಯಲ್ಲಿ ಮ ಎಂಬುದು ಬಿಡಿ ಅಕ್ಷರವಲ್ಲ, ವ ಬರೆದು ಪಕ್ಕಕ್ಕೆ ಒಂದು ಕೊಂಬು ಸೇರಿಸಿದ್ದು. ವು ಬರೆಯಲು ಬೇರೊಂದು ಕೊಂಬಿದೆ. ಯ ಎಂಬುದಕ್ಕೆ ನಾಲ್ಕು ಸಂಕೇತ, ಅವುಗಳಲ್ಲಿ ಮೊದಲನೆಯದು ಸೊನ್ನೆಯೇ. ಯಕಾರದ ಎಡಗಡೆಯ ಸುರುಳಿ ಅನುಸ್ವಾರದಂತೆ ದುಂಡಗಿರುವುದರಿಂದ ಒಂದೇ ತುಣುಕನ್ನು ಎರಡೂ ಕಡೆ ಬಳಸಿ ಜಾಗ ಉಳಿಸಿದ್ದರು. ಇನ್ನೂರು ಚಿಲ್ಲರೆ ಮನೆಗಳಲ್ಲಿ ಇಡೀ ಕನ್ನಡವನ್ನು ಹಿಡಿಸಬೇಕಾಗಿದ್ದ ಫಾಂಟ್ ರಚನೆಕಾರರ ಜಾಣ್ಮೆಯನ್ನು ಮೆಚ್ಚಲೇಬೇಕು. ಆ ಜಾಣ್ಮೆಯ ಬೆಲೆಯೆಂದರೆ, ಕಡತದಲ್ಲಿ ಒಂದು ಸೊನ್ನೆ ಕಂಡರೆ ಅದು ಅನುಸ್ವಾರವೋ ಯಕಾರದ ಆರಂಭವೋ ಎಂಬುದು ಮುಂದಿನ ಸಂಕೇತಗಳನ್ನು ನೋಡುವ ತನಕ ಯಾವ ಯಂತ್ರಕ್ಕೂ ತಿಳಿಯುತ್ತಿರಲಿಲ್ಲ. ಹುಡುಕುವುದು ಕಷ್ಟ, ಅಕಾರಾದಿಯಲ್ಲಿ ಜೋಡಿಸುವುದು ಇನ್ನೂ ಕಷ್ಟ. ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಆ ಪುಟದಲ್ಲಿ ಕನ್ನಡವೇ ಇಲ್ಲ.

ಮೊದಲ ಪೆಟ್ಟು ಬಿದ್ದದ್ದು ಅಂತರಜಾಲದಲ್ಲಿ. 1990ರ ದಶಕದ ಕೊನೆಯಲ್ಲಿ ಕನ್ನಡ ಪತ್ರಿಕೆಗಳ ಜಾಲತಾಣಗಳು ಶುರುವಾದಾಗ ಓದುಗರು ಫಾಂಟ್ ಇಳಿಸಿಕೊಂಡು ಸ್ಥಾಪಿಸಿಕೊಳ್ಳಬೇಕಿತ್ತು. ಆ ತೊಂದರೆ ತಪ್ಪಿಸಲು ಪುಟದ ಜೊತೆಗೇ ಫಾಂಟ್ ಬರುವ ಏರ್ಪಾಡು ಎರಡು ರೀತಿಯಲ್ಲಿ ಬಂತು. 1997ರ ನೆಟ್‌ಸ್ಕೇಪ್ 4 ಬಿಟ್‌ಸ್ಟ್ರೀಮ್ ಕಂಪನಿಯ ಟ್ರೂಡಾಕ್ ವಿಧಾನವನ್ನು ಒಪ್ಪಿತು; ಅದೇ ವರ್ಷದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4 ಮೈಕ್ರೋಸಾಫ್ಟಿನ ಇಒಟಿ ವಿಧಾನವನ್ನು. ಭಾರತೀಯ ಭಾಷೆಯ ಜಾಲತಾಣಗಳು ಇವುಗಳನ್ನು ‘ಡೈನಮಿಕ್ ಫಾಂಟ್’ ಎಂದು ಕರೆದು ಸಂತೋಷದಿಂದ ಬಳಸಿದವು. 2000ದ ನವೆಂಬರ್‌ನಲ್ಲಿ ಹೊಸದಾಗಿ ಬರೆದ ಸಂಕೇತದ ಮೇಲೆ ನಿಂತ ನೆಟ್‌ಸ್ಕೇಪ್ 6 ಬಂದಾಗ ಟ್ರೂಡಾಕ್ ಅದರಲ್ಲಿರಲಿಲ್ಲ. ಇಂಗ್ಲಿಷ್ ತಾಣಗಳಲ್ಲಿ ತಲೆಬರಹದ ಚೆಲುವು ಕಡಿಮೆಯಾಯಿತು, ಅಷ್ಟೇ. ಟ್ರೂಡಾಕ್ ನಂಬಿದ್ದ ಕನ್ನಡ ಪುಟಗಳು ಹೊಸ ನೆಟ್‌ಸ್ಕೇಪ್‌ನಲ್ಲಿ ಪೌಂಡ್ ಗುರುತುಗಳ ರಾಶಿಯಾದವು. ಇಒಟಿ ಹೆಚ್ಚು ದಿನ ಬಾಳಿತು, ಆದರೆ ಎಕ್ಸ್‌ಪ್ಲೋರರ್ ಒಂದರಲ್ಲೇ. ಅದರ ಉತ್ತರಾಧಿಕಾರಿಯಾಗಿ 2015ರಲ್ಲಿ ಬಂದ ಎಡ್ಜ್ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಕನ್ನಡ ತಾಣಗಳು ಬಹುಮಟ್ಟಿಗೆ ಯುನಿಕೋಡ್‌ಗೆ ಬಂದಿದ್ದರಿಂದ ಎರಡನೆಯ ಪೆಟ್ಟು ಯಾರಿಗೂ ತಾಗಲಿಲ್ಲ.

ಬದಲಾವಣೆಗೆ ದಾರಿ ಮಾಡಿದ್ದು ಮೈಕ್ರೋಸಾಫ್ಟ್ ಮತ್ತು ಅಡೋಬಿ ಸೇರಿ ರೂಪಿಸಿದ ಓಪನ್‌ಟೈಪ್. ಯಾವ ವ್ಯಂಜನದ ಕೆಳಗೆ ಯಾವ ಒತ್ತು, ಅರ್ಕಾವತ್ತು ಎಲ್ಲಿಗೆ ಜರುಗಬೇಕು ಎಂಬ ನಿಯಮಗಳು ಫಾಂಟಿನಲ್ಲೂ ಆಕಾರ ಕಟ್ಟುವ ತಂತ್ರಾಂಶ ಸಂಗ್ರಹದಲ್ಲೂ ಸೇರಿಕೊಂಡವು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂತು. ಗ್ನು ಲಿನಕ್ಸ್‌ಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ‘ಕೇದಗೆ’, ‘ಮಲ್ಲಿಗೆ’ ಫಾಂಟುಗಳು ಮುಕ್ತವಾಗಿ ಸಿಕ್ಕವು. 2003ರಲ್ಲಿ ಕನ್ನಡ ವಿಕಿಪೀಡಿಯ ಮೊದಲ ದಿನದಿಂದಲೇ ಯುನಿಕೋಡ್‌ನಲ್ಲಿ ಶುರುವಾಯಿತು. ಕೇಂದ್ರ ಸರ್ಕಾರ 2009ರ ನವೆಂಬರ್‌ನಲ್ಲಿ ಇ-ಆಡಳಿತಕ್ಕೆ ಯುನಿಕೋಡನ್ನು ಮಾನಕವಾಗಿ ಪ್ರಕಟಿಸಿತು. 2012ರ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಲಿಪಿಗಳನ್ನು ತೋರಿಸತೊಡಗಿತು. ಬೇಕೆಂದ ಫಾಂಟನ್ನು ತಾನೇ ಸ್ಥಾಪಿಸಿಕೊಳ್ಳುವ ಸೌಕರ್ಯ ಸಾಮಾನ್ಯ ಬಳಕೆದಾರನಿಗೆ ಫೋನಿನಲ್ಲಿ ಇರಲಿಲ್ಲ. ಆದ್ದರಿಂದ ಹಳೆಯ ಸಂಕೇತ ಜನಬಳಕೆಯಿಂದ ಮರೆಯಾದದ್ದು ಸರ್ಕಾರಿ ಆದೇಶಕ್ಕಿಂತ ಹೆಚ್ಚಾಗಿ ಫೋನಿನಿಂದ ಎನ್ನಬೇಕು.

ಮುದ್ರಣಾಲಯಗಳ ಕಥೆ ಬೇರೆ. ಅಲ್ಲಿನ ದೊರೆ ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಕಂಪನಿ ಹೊರತಂದು, 1994ರಲ್ಲಿ ಅಡೋಬಿಯ ಕೈಸೇರಿದ ಈ ತಂತ್ರಾಂಶದ ಕೊನೆಯ ಆವೃತ್ತಿ 2001ರ 7.0. ಯುನಿಕೋಡ್ ಕನ್ನಡವನ್ನು ಅದು ಕೊನೆಯವರೆಗೂ ಅರಿಯಲಿಲ್ಲ. ಅಡೋಬಿ ಅದರ ಬದಲಿಗೆ ತಂದ ಇನ್‌ಡಿಸೈನ್ ಹಲವು ವರ್ಷ ಹಳೆಯ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿತ್ತು, ಆದರೆ ಕನ್ನಡದ ಒತ್ತಕ್ಷರಗಳನ್ನು ನೆಟ್ಟಗೆ ಜೋಡಿಸುವ ಅಧಿಕೃತ ಸೌಲಭ್ಯ ಅದರಲ್ಲಿ ಇರಲಿಲ್ಲ. ಅದು ಬಂದದ್ದು 2012ರ ಸಿಎಸ್6ರಲ್ಲಿ. ಮರುವರ್ಷವೇ ಇನ್‌ಡಿಸೈನ್ ಸಿಸಿ ಬಂತು, ಪೇಜ್‌ಮೇಕರ್ ಕಡತ ತೆರೆಯುವ ಸೌಲಭ್ಯ ಅದರಿಂದ ಹೊರಬಿತ್ತು. ಹಳೆಯ ಪುಟವನ್ನು ತೆರೆಯಲೂ ಹೊಸ ಕನ್ನಡವನ್ನು ಜೋಡಿಸಲೂ ಬಲ್ಲದ್ದು ಸಿಎಸ್6 ಮಾತ್ರ. ಎರಡು ಯುಗಗಳ ನಡುವಿನ ಸೇತುವೆ ಒಂದೇ ಆವೃತ್ತಿಯ ಅಗಲದ್ದಾಗಿತ್ತು. ಪುಸ್ತಕವೊಂದು ಮರುಮುದ್ರಣಕ್ಕೆ ಬಂದಾಗ ಹಳೆಯ ಕಡತ ಇದ್ದರೂ ಮತ್ತೆ ಮೊದಲಿನಿಂದ ಬೆರಳಚ್ಚು ಮಾಡಿಸುವುದೇ ಅಗ್ಗ ಎನ್ನಿಸುವ ಪರಿಸ್ಥಿತಿ ಹುಟ್ಟಿದ್ದು ಹೀಗೆ.

ತಮಿಳುನಾಡು ಇದೇ ಹಾದಿಯನ್ನು ಸ್ವಲ್ಪ ಬೇರೆಯಾಗಿ ನಡೆಯಿತು. 1999ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ನಡೆದ ತಮಿಳ್‌ನೆಟ್ 99 ಸಮ್ಮೇಳನದ ಬೆನ್ನಿಗೆ ಅಲ್ಲಿನ ಸರ್ಕಾರ ಒಂದು ಕೀಲಿಮಣೆಯನ್ನೂ ಟ್ಯಾಮ್, ಟ್ಯಾಬ್ ಎಂಬ ಎರಡು ಸಂಕೇತ ಪಟ್ಟಿಗಳನ್ನೂ ಮಾನಕವಾಗಿಸಿತು: ಮೊದಲನೆಯದು ತಮಿಳಿಗೆ ಮಾತ್ರ, ಎರಡನೆಯದು ತಮಿಳು ಮತ್ತು ಇಂಗ್ಲಿಷ್ ಬೆರೆತ ಬರಹಕ್ಕೆ. ಹೊರದೇಶಗಳ ತಮಿಳರಲ್ಲಿ ಟಿಸ್ಕಿ ಎಂಬ ಇನ್ನೊಂದು ಪಟ್ಟಿ ಬಳಕೆಯಲ್ಲಿತ್ತು. 2010ರಲ್ಲಿ ತಮಿಳುನಾಡು ಸರ್ಕಾರ ಯುನಿಕೋಡನ್ನು ಒಪ್ಪಿಕೊಂಡು, ಯುನಿಕೋಡ್ ನಡೆಯದ ಕಡೆಗೆ ಟೇಸ್16 ಎಂಬ ತನ್ನದೇ ಸಂಕೇತವನ್ನು ಇಟ್ಟುಕೊಂಡಿತು. ತಮಿಳಿನಲ್ಲಿ ಒತ್ತಕ್ಷರ ಇಲ್ಲವೆನ್ನುವಷ್ಟು ಕಡಿಮೆ, ಮುದ್ರಣದ ರೂಪಗಳೂ ಕಡಿಮೆ. ಆದ್ದರಿಂದ ಅಲ್ಲಿ ಅಕ್ಷರವನ್ನು ಕನ್ನಡದಷ್ಟು ಚೂರು ಮಾಡಬೇಕಾಗಿರಲಿಲ್ಲ, ಹಳೆಯದನ್ನು ಹೊಸದಕ್ಕೆ ತಿರುಗಿಸುವುದೂ ಅಷ್ಟು ತೊಡಕಿನದಾಗಿರಲಿಲ್ಲ. ಕರ್ನಾಟಕದಲ್ಲಿ ಚಿದಾನಂದ ಗೌಡರ ನೇತೃತ್ವದ ಸಮಿತಿ ಯುನಿಕೋಡ್ ಫಾಂಟುಗಳನ್ನೂ ಪರಿವರ್ತಕಗಳನ್ನೂ ಮಾಡಿಸುವ ಕೆಲಸ ಹೊತ್ತಿತು. ನುಡಿಯ ಮುಂದಿನ ಆವೃತ್ತಿಗಳಲ್ಲಿ ಯುನಿಕೋಡ್ ಬಂತು, ಜೊತೆಗೆ ಹಳೆಯ ಸಂಕೇತವೂ ಉಳಿಯಿತು. ಎರಡನ್ನೂ ಇಟ್ಟುಕೊಂಡದ್ದರಿಂದ ಕಚೇರಿಗಳಲ್ಲಿ ಹಳೆಯ ರೂಢಿಯೇ ವರ್ಷಗಟ್ಟಲೆ ಮುಂದುವರಿಯಿತು.

ಈ ನಡುವೆ ಫಾಂಟುಗಳ ವಿಧವೇ ಹಳತಾಯಿತು. ಮುದ್ರಣಲೋಕದಲ್ಲಿ ಮೂರು ದಶಕ ಮೆರೆದದ್ದು ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1. ಲಿಬ್ರೆಆಫೀಸ್ 2017ರ 5.3ನೇ ಆವೃತ್ತಿಯಲ್ಲಿ ಅದನ್ನು ಬಿಟ್ಟಿತು. 2019ರಲ್ಲಿ ಪ್ಯಾಂಗೊ 1.44 ಬಿಟ್ಟಿತು. ಪ್ಯಾಂಗೊ ಎಂಬುದು ಬಳಕೆದಾರ ಹೆಸರು ಕೇಳಿರದ, ಆದರೆ ಲಿನಕ್ಸ್‌ನ ಗ್ನೋಮ್ ಪರಿಸರದಲ್ಲಿ ಪ್ರತಿ ಸಾಲನ್ನೂ ತೆರೆಗೆ ತರುವ ತಂತ್ರಾಂಶ ಸಂಗ್ರಹ. ಅದು ಫಾಂಟ್ ಕೆಲಸವನ್ನೆಲ್ಲ ಹಾರ್ಫ್‌ಬಜ್ ಎಂಬ ಇನ್ನೊಂದು ಸಂಗ್ರಹಕ್ಕೆ ಒಪ್ಪಿಸಿತು. ಹಾರ್ಫ್‌ಬಜ್ ಓಪನ್‌ಟೈಪ್ ಕಡತಗಳನ್ನಲ್ಲದೆ ಟೈಪ್ 1 ಮತ್ತು ಹಳೆಯ ಬಿಟ್‌ಮ್ಯಾಪ್ ಫಾಂಟುಗಳನ್ನು ಓದುತ್ತಿರಲಿಲ್ಲ. ಬಿಟ್‌ಮ್ಯಾಪ್ ಫಾಂಟುಗಳನ್ನು ಟರ್ಮಿನಲ್‌ನಲ್ಲಿ ಬಳಸುತ್ತಿದ್ದ ತಂತ್ರಜ್ಞರಿಂದ ದೂರುಗಳು ಬಂದವು. ಕನ್ನಡದ ಮಟ್ಟಿಗೆ ಇದರಲ್ಲಿ ಲಾಭವೇ ಹೆಚ್ಚು: ಹಾರ್ಫ್‌ಬಜ್ ಭಾರತೀಯ ಲಿಪಿಗಳ ಜೋಡಣೆಯನ್ನು ಒಂದೇ ಕಡೆ ತಿದ್ದಿ ಸರಿಪಡಿಸಿದ್ದರಿಂದ ಬೇರೆಬೇರೆ ತಂತ್ರಾಂಶಗಳಲ್ಲಿ ಒತ್ತಕ್ಷರ ಬೇರೆಬೇರೆಯಾಗಿ ಕಾಣುವ ಕಾಟ ತಗ್ಗಿತು. ಅಡೋಬಿ ತಾನೇ ಹುಟ್ಟಿಸಿದ ಟೈಪ್ 1ರ ಬಳಕೆಯನ್ನು ಫೋಟೋಶಾಪ್‌ನಲ್ಲಿ 2021ಕ್ಕೂ ಉಳಿದ ತಂತ್ರಾಂಶಗಳಲ್ಲಿ 2023ರ ಜನವರಿಗೂ ನಿಲ್ಲಿಸಿತು. ಪಿಡಿಎಫ್‌ನ ಒಳಗೆ ಹುದುಗಿದ ಫಾಂಟ್ ಮಾತ್ರ ಈಗಲೂ ಕಾಣಿಸುತ್ತದೆ.

ಆ ವಿನಾಯಿತಿ ಕನ್ನಡಕ್ಕೆ ದೊಡ್ಡದು. ನುಡಿಯಲ್ಲಿ ತಯಾರಾಗಿ ಪಿಡಿಎಫ್ ಆದ ಆದೇಶ, ಸುತ್ತೋಲೆ, ಪಠ್ಯಪುಸ್ತಕಗಳು ಯಾವ ಯಂತ್ರದಲ್ಲೂ ಅಚ್ಚುಕಟ್ಟಾಗಿ ತೆರೆದುಕೊಳ್ಳುತ್ತವೆ. ಕಣ್ಣಿಗೆ ಕೊರತೆಯಿಲ್ಲ. ಅದೇ ಪುಟದಲ್ಲಿ ಒಂದು ಊರಿನ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ, ಸಾಲನ್ನು ನಕಲು ಮಾಡಿದರೆ ಓರೆಗೀಟಿನ ಎಗಳು ಬರುತ್ತವೆ.

ಅವುಗಳನ್ನು ಬಿಡಿಸಲು ಪರಿವರ್ತಕಗಳಿವೆ, ಅವುಗಳಲ್ಲಿ ಕೆಲವು ಉಚಿತ ಮತ್ತು ಮುಕ್ತ. ತುಣುಕಿಗೆ ತುಣುಕು ಬದಲಿಸಿದರೆ ಕೆಲಸ ಮುಗಿಯುವುದಿಲ್ಲ. ‘ಕರ್ಮ’ ಎಂಬಲ್ಲಿ ನುಡಿಯ ಕಡತದಲ್ಲಿ ಅರ್ಕಾವತ್ತು ಮ ಆದ ಮೇಲೆ ಬರುತ್ತದೆ, ಕಾಣುವುದು ಹಾಗೆಯೇ ತಾನೆ. ಯುನಿಕೋಡ್‌ನಲ್ಲಿ ರಕಾರ ಮೊದಲು. ಪರಿವರ್ತಕ ಹಿಂದಕ್ಕೆ ಹೋಗಿ, ಆ ಅಕ್ಷರದ ಗುಣಿತ, ಒತ್ತುಗಳನ್ನೆಲ್ಲ ದಾಟಿ, ರಕಾರವನ್ನು ಅದರ ಮುಂದೆ ಇಡಬೇಕು. ವ ಕಂಡರೆ ಮುಂದೆ ಕೊಂಬಿದೆಯೇ, ಇದ್ದರೆ ಯಾವ ಕೊಂಬು ಎಂದು ನೋಡಿ ಮ ಅಥವಾ ವು ಮಾಡಬೇಕು. ಇದೆಲ್ಲ ನಿಯಮಕ್ಕೆ ಒಗ್ಗುವ ಕೆಲಸ. ಒಗ್ಗದ್ದು ಕನ್ನಡದ ನಡುವೆ ಬರುವ ಇಂಗ್ಲಿಷ್. ನುಡಿಯ ಕಡತದಲ್ಲಿ ಇಂಗ್ಲಿಷಿನ ಪಿ ಅಕ್ಷರವೂ ತಲೆಕಟ್ಟಿಲ್ಲದ ಕಕಾರವೂ ಒಂದೇ ಸಂಕೇತ, ಬೇರ್ಪಡಿಸುವುದು ಆ ಪದಕ್ಕೆ ಹಾಕಿದ ಫಾಂಟಿನ ಹೆಸರು ಮಾತ್ರ. ವರ್ಡ್ ಕಡತದಲ್ಲಿ ಆ ಹೆಸರು ಉಳಿದಿರುತ್ತದೆ, ಹಾಗಾಗಿ ಯಂತ್ರ ವಿಂಗಡಿಸಬಲ್ಲದು. ಬರಿಯ ಪಠ್ಯವಾಗಿ ನಕಲು ಮಾಡಿ ಉಳಿಸಿದ ಕಡತದಲ್ಲಿ ಅದೂ ಇರುವುದಿಲ್ಲ, ಅಂಥ ಕಡೆ ಯಾವುದು ಕನ್ನಡ ಯಾವುದು ಇಂಗ್ಲಿಷ್ ಎಂಬುದನ್ನು ಕರಡು ತಿದ್ದುವವರೇ ಸಾಲು ಸಾಲಾಗಿ ನೋಡಿ ಗುರುತಿಸಬೇಕು.