ಬ್ಯಾರಕ್‌ಪುರದ ಸಿಪಾಯಿಗಳ ನಿರಾಕರಣೆ, 1824: ಒಂದು ಕಾರಣವಿಚಾರ

ಬ್ಯಾರಕ್‌ಪುರವೆಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು 1857ರ ಮಂಗಲ ಪಾಂಡೆ. ಅದಕ್ಕೆ ಮೂವತ್ತಮೂರು ವರ್ಷಗಳ ಹಿಂದೆ, ಕಲ್ಕತ್ತೆಯ ಸಮೀಪದ ಅದೇ ದಂಡಿನ ನೆಲೆಯಲ್ಲಿ, ಬರ್ಮಾ ಯುದ್ಧಕ್ಕೆ ಹೊರಡಲೊಪ್ಪದ ಸಿಪಾಯಿಗಳ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯು ಫಿರಂಗಿ ಹಾರಿಸಿತು. ಸಮುದ್ರಯಾನದಿಂದ ಜಾತಿ ಕೆಡುವುದೆಂಬ ಭೀತಿಯೇ ಈ ನಿರಾಕರಣೆಗೆ ಕಾರಣವೆಂದು ಹೇಳುವುದು ವಾಡಿಕೆ. ಆ ಭೀತಿ ಇದ್ದುದು ದಿಟ. ಆದರೆ ಸಿಪಾಯಿಗಳಿಗೆ ಬಂದ ಆಜ್ಞೆ ಹಡಗೇರಬೇಕೆಂದಲ್ಲ, ಚಿತ್ತಗಾಂಗಿಗೆ ಕಾಲುನಡಗೆಯಲ್ಲಿ ಸಾಗಬೇಕೆಂದು. ಆದುದರಿಂದ ಕಾರಣವನ್ನು ಬೇರೆಡೆಯಲ್ಲಿಯೂ ಹುಡುಕಬೇಕಾಗಿದೆ.

1824ರ ಮಾರ್ಚಿಯಲ್ಲಿ ಯುದ್ಧ ಘೋಷಣೆಯಾಯಿತು. ಮೇ ತಿಂಗಳಲ್ಲಿ ಕಂಪೆನಿಯ ಸೇನೆ ರಂಗೂನನ್ನು ಹಿಡಿಯಿತಾದರೂ, ಚಿತ್ತಗಾಂಗಿನ ದಕ್ಷಿಣಕ್ಕಿರುವ ರಾಮುವಿನಲ್ಲಿ ಅದರ ತುಕಡಿಯೊಂದು ಬರ್ಮೀಯರಿಂದ ನಾಶವಾಯಿತು. ಈ ಸೋಲಿನ ವಾರ್ತೆ ಬಂಗಾಳದಲ್ಲೆಲ್ಲ ಹಬ್ಬಿತು. ಇಂತಹ ಸಮಯದಲ್ಲಿಯೇ, ದೂರದ ಮಥುರೆಯಿಂದ ನಡೆದು ಬಂದಿದ್ದ ಬಂಗಾಳ ದೇಶೀ ಪದಾತಿಯ 26, 47 ಮತ್ತು 62ನೆಯ ಪಡೆಗಳಿಗೆ ಮತ್ತೆ ಹೊರಡಲು ಆಜ್ಞೆಯಾಯಿತು.

ಸಿಪಾಯಿಗಳ ತೊಡಕು ಎತ್ತುಗಳದ್ದಾಗಿತ್ತು. ಮೇಲುಜಾತಿಯ ಸಿಪಾಯಿ ತನ್ನ ಅಡುಗೆಯ ಹಿತ್ತಾಳೆ ಪಾತ್ರೆಗಳನ್ನು ಇನ್ನೊಬ್ಬರು ಮುಟ್ಟಗೊಡುತ್ತಿರಲಿಲ್ಲ. ಪ್ರತಿಯೊಬ್ಬನದೂ ಪ್ರತ್ಯೇಕ ಗಂಟು. ಬಂದೂಕು, ಮದ್ದುಗುಂಡು, ಬೆನ್ನಚೀಲಗಳೊಡನೆ ಆ ಗಂಟನ್ನೂ ಹೊರುವುದು ಅಸಾಧ್ಯ. ಅದನ್ನು ಎತ್ತಿನ ಮೇಲೆ ಸಾಗಿಸುವ ವೆಚ್ಚ ಸಿಪಾಯಿಯದೇ. ರಂಗೂನಿನ ದಂಡಯಾತ್ರೆಗಾಗಿ ಸರಕಾರವು ಎತ್ತುಗಳನ್ನು ಮೊದಲೇ ಕೊಂಡುಬಿಟ್ಟಿದ್ದುದರಿಂದ ಉಳಿದವು ಬಡಕಲು, ಬೆಲೆಯೋ ವಿಪರೀತ. ಸರಕಾರವೇ ಎತ್ತುಗಳನ್ನು ಒದಗಿಸಲಿ, ಇಲ್ಲವೆ ಇಮ್ಮಡಿ ಭತ್ಯವನ್ನು ಕೊಡಲಿ ಎಂಬುದು ಅವರ ಬೇಡಿಕೆ. ಇಲ್ಲಿ ಧರ್ಮದ ಪ್ರಶ್ನೆಯನ್ನೂ ಹಣದ ಪ್ರಶ್ನೆಯನ್ನೂ ಬೇರ್ಪಡಿಸಲಾಗದೆಂಬುದು ಗಮನಾರ್ಹ. ಆಚಾರವನ್ನು ಉಳಿಸಿಕೊಳ್ಳಲು ಪಾತ್ರೆ ಬೇಕು, ಪಾತ್ರೆಗೆ ಎತ್ತು ಬೇಕು, ಎತ್ತಿಗೆ ಹಣ ಬೇಕು.

ನವೆಂಬರ್ 1ರಂದು 47ನೆಯ ಪಡೆ ಹೊರಡಲು ನಿರಾಕರಿಸಿತು. ಸೇನಾಧಿಪತಿ ಸರ್ ಎಡ್ವರ್ಡ್ ಪೇಜೆಟ್ ಎರಡು ಯುರೋಪಿಯನ್ ಪಡೆಗಳನ್ನೂ ಫಿರಂಗಿದಳವನ್ನೂ ಕರೆತಂದು, ಮರುದಿನ ಬೆಳಿಗ್ಗೆ ಶಸ್ತ್ರವಿಳಿಸಲು ಹತ್ತು ನಿಮಿಷಗಳ ಗಡುವು ಕೊಟ್ಟನು. ಗಡುವು ಮುಗಿಯಿತು, ಸಿಪಾಯಿಗಳ ಹಿಂಭಾಗದಲ್ಲಿ ಅವರರಿಯದಂತೆ ನಿಲ್ಲಿಸಿದ್ದ ಫಿರಂಗಿಗಳು ಸಿಡಿದವು. ಓಡಿದವರಲ್ಲಿ ಕೆಲವರು ಹೂಗ್ಲಿ ನದಿಯಲ್ಲಿ ಮುಳುಗಿದರು. ಸತ್ತವರೆಷ್ಟೆಂಬುದರಲ್ಲಿ ಭಿನ್ನಾಭಿಪ್ರಾಯವಿದೆ, ಸುಮಾರು 180 ಎಂಬುದು ಒಂದು ಎಣಿಕೆ. ಅವರು ಬಿಸುಟು ಹೋದ ಬಂದೂಕುಗಳನ್ನು ಪರೀಕ್ಷಿಸಿದಾಗ ಬಹುಮಟ್ಟಿಗೆ ಯಾವುದರಲ್ಲಿಯೂ ಗುಂಡು ತುಂಬಿರಲಿಲ್ಲ. ಕಾದಾಡುವ ಉದ್ದೇಶ ಅವರಿಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಆದರೂ ಮುಖಂಡರನ್ನು ಗಲ್ಲಿಗೇರಿಸಲಾಯಿತು. ಬಿಂದಾ ತಿವಾರಿಯ ಶವವನ್ನು ಸರಪಳಿಯಲ್ಲಿ ತೂಗುಹಾಕಲಾಯಿತು. 47ನೆಯ ಪಡೆಯ ಹೆಸರನ್ನೇ ಸೇನೆಯ ಪಟ್ಟಿಯಿಂದ ತೆಗೆದುಹಾಕಲಾಯಿತು.

ಯುದ್ಧವು 1826ರ ಯಾಂಡಬೋ ಒಪ್ಪಂದದಿಂದ ಮುಗಿಯಿತು, ಸಮಸ್ಯೆ ಮುಗಿಯಲಿಲ್ಲ. 1852ರಲ್ಲಿ, ಎರಡನೆಯ ಬರ್ಮಾ ಯುದ್ಧದ ಕಾಲಕ್ಕೆ, 38ನೆಯ ಪಡೆ ಕಡಲು ದಾಟಲು ಒಪ್ಪಲಿಲ್ಲ. 1856ರ ಸಾಮಾನ್ಯ ಸೇವಾ ಭರ್ತಿ ಕಾಯಿದೆಯು, ಹೊಸದಾಗಿ ಸೇರುವವರೆಲ್ಲರೂ ಎಲ್ಲಿಗೆ ಕಳುಹಿಸಿದರೂ ಹೋಗಬೇಕೆಂದು ವಿಧಿಸಿತು. ಮರುವರ್ಷವೇ ಮಹಾ ಬಂಡಾಯ. 1824ರ ಸಿಪಾಯಿಗಳು ಸಲ್ಲಿಸಿದ್ದು ಅಹವಾಲು. ಸರಕಾರವು ಅದನ್ನು ರಾಜದ್ರೋಹವೆಂದು ಓದಿತು. ಕೆಲವು ನೂರು ಎತ್ತುಗಳಿಂದ ಪರಿಹಾರವಾಗಬಹುದಾಗಿದ್ದುದನ್ನು ಫಿರಂಗಿಯಿಂದ ಪರಿಹರಿಸಹೊರಟದ್ದೇ ಬ್ಯಾರಕ್‌ಪುರದ ದುರಂತವೆನ್ನಬೇಕು.